ಫೈನಲ್ ನೋಡುವ ಊರು

ನಮ್ಮೂರಿನ ಆಟದ ಬಯಲು ನೋಡುವವರಿದ್ದರೆ ಮೇಲೇಳುತ್ತದೆ. ಮೂವರು ಕೂತು ನೋಡಿದರೆ ಒಂದು ಗೇಣು, ಒಂದು ಓಣಿಯ ಜನ ನೋಡಿದರೆ ಮಾಳಿಗೆಯಷ್ಟು. ಫೈನಲ್ ದಿನ ಊರಿಗೆ ಊರೇ ಬಂದು ಕತ್ತೆತ್ತಿದಾಗ ಅದು ನೀರಿನ ಟ್ಯಾಂಕನ್ನೂ ದಾಟಿ, ಹದ್ದುಗಳು ಸುತ್ತುವ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ನೋಟ ಸರಿದರೆ ಇಳಿಯುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದವರು ಮೊದಲ ವರ್ಷ ಬಾಯಿ ತೆರೆದು ನಿಲ್ಲುತ್ತಾರೆ. ಎರಡನೆಯ ವರ್ಷದ ಹೊತ್ತಿಗೆ ಫೈನಲ್ಲಿನ ಮರುದಿನಕ್ಕೆಂದು ಹರಳೆಣ್ಣೆ ತೆಗೆದಿಡುವುದನ್ನು ಕಲಿತಿರುತ್ತಾರೆ. ಮರುದಿನ ಊರಿನಲ್ಲಿ ಯಾರ ಕತ್ತೂ ತಿರುಗುವುದಿಲ್ಲ. ಬ್ಯಾಂಕಿನಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಜನ ಇಡೀ ಮೈಯನ್ನೇ ತಿರುಗಿಸಿ ಮಾತಾಡುತ್ತಾರೆ. ಆ ನೋವಿನ ಬಗ್ಗೆ ಅವರಿಗೆ ಒಂದು ಬಗೆಯ ಹೆಮ್ಮೆಯೂ ಇದೆ. "ನಿನ್ನೆ ಏನು ಆಟ ರೀ ಅದು!" ಎನ್ನುತ್ತ ಕತ್ತು ನೀವಿಕೊಳ್ಳುತ್ತಾರೆ.

ಆಟವನ್ನು ಅವರು ಯಾರೂ ನೋಡಿರುವುದಿಲ್ಲ. ಅಷ್ಟು ಎತ್ತರಕ್ಕೆ ಹೋದ ಬಯಲಿನ ತಳ ಮಾತ್ರ ಕೆಳಗಿನವರಿಗೆ ಕಾಣುವುದು. ಗರಿಕೆಯ ಬೇರು, ಕೆಮ್ಮಣ್ಣು, ಅದರಲ್ಲಿ ಸಿಕ್ಕಿಕೊಂಡ ಬಳೆಯ ಚೂರು, ಎಂದೋ ಹೂತುಹೋದ ಒಂದು ಚಪ್ಪಲಿ. ಪಾಯಿಂಟು ಬಂದಾಗ ಅಂಪೈರ್ ಆಗಿರುವ ಲಿಲ್ಲಿ ಟೀಚರ್ ಮೇಲಿನಿಂದ ಹಳದಿ ಅಥವಾ ನೀಲಿ ಬಟ್ಟೆಯೊಂದನ್ನು ಅಂಚಿನಲ್ಲಿ ಇಳಿಬಿಡುತ್ತಾರೆ. ಹಳದಿ ಕಂಡರೆ ಅರ್ಧ ಊರು ಕೂಗುತ್ತದೆ, ನೀಲಿ ಕಂಡರೆ ಇನ್ನರ್ಧ. "ಹಳದಿ ನಮ್ಮದಾ, ನೀಲಿ ನಮ್ಮದಾ?" ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು ಕೂಗುವವರೇ ಹೆಚ್ಚು. ಹೊಸ ಸೀರೆ ಉಟ್ಟು, ಚುರುಮುರಿ ಕಟ್ಟಿಸಿಕೊಂಡು, ವರ್ಷಕ್ಕೊಮ್ಮೆ ಬರುವ ಇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರ ಕಣ್ಣಿಗೂ ಭಾರ ಎತ್ತುವ ಶಕ್ತಿ ಇತ್ತಲ್ಲ.

ಉಳಿದ ದಿನಗಳಲ್ಲಿ ನೋಡುತ್ತಿದ್ದವರು ನಾವು ಮೂವರು. ಬಟ್ಟೆ ಹೊಲಿಯುವ ಹಲೀಮಾಬಿ, ಕೆಲಸದಿಂದ ನಿವೃತ್ತರಾದ ನರ್ಸ್ ಸಾವಂತ್ರಮ್ಮ, ಮತ್ತು ನಾನು. ದೀಪಾವಳಿ ಕಳೆದ ಮೇಲೆ ಶುರುವಾದ ಆಟ ಫೈನಲ್ ಮುಟ್ಟುವಾಗ ಶಿವರಾತ್ರಿ ಹತ್ತಿರ ಬಂದಿರುತ್ತಿತ್ತು. ಅಲ್ಲಿಯವರೆಗೆ ಸಂಜೆಯ ಹೊತ್ತು ಬಯಲಿನ ಪಕ್ಕದ ಮೋಟುಗೋಡೆಯ ಮೇಲೆ ನಾವು ಕೂರುತ್ತಿದ್ದೆವು. ಆಟ ತ್ರೋಬಾಲ್. ನಾಲ್ಕು ಓಣಿಗೆ ನಾಲ್ಕು ತಂಡ, ಎಲ್ಲವೂ ಹೆಂಗಸರದ್ದು. ಮಕ್ಕಳನ್ನು ಶಾಲೆಯಿಂದ ಕರೆತಂದು, ಸಂಜೆಯ ಹಾಲು ಕಾಯಿಸಿಟ್ಟು ಓಡಿ ಬರುವವರು. ಸೀರೆಯ ಮೇಲೇ ಬಣ್ಣದ ಅಂಗಿ ತೊಟ್ಟುಕೊಂಡು ನೆಟ್ಟಿನ ಎರಡು ಬದಿಗೆ ನಿಲ್ಲುತ್ತಿದ್ದರು. ನಾವು ಮೂವರು ಕಣ್ಣಿಟ್ಟ ಕೂಡಲೇ ಬಯಲು ಮೆಲ್ಲಗೆ ನಡುಗಿ ಒಂದು ಗೇಣು ಏಳುತ್ತಿತ್ತು.

ಒಂದು ಗೇಣು ಎಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ನೆಲ ಬಿಟ್ಟ ಹೆಂಗಸಿನ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಮನೆಯಿಂದ ತಂದ ಮುಖ ಕಳಚಿ ಬೀಳುತ್ತದೆ. ಅದರ ಕೆಳಗೆ ಇನ್ನೊಂದು ಇರುತ್ತದೆ. ನನಗೆ ಆಡುವ ಆಸೆ ಎಂದೂ ಇರಲಿಲ್ಲ, ನೋಡುವ ಆಸೆ ಇತ್ತು. ಅದರಲ್ಲೂ ದಾಕ್ಷಾಯಣಿಯನ್ನು.

ದಾಕ್ಷಾಯಣಿ ನನ್ನ ವಾರಗಿತ್ತಿ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಅಕ್ಕಪಕ್ಕ ನಿಂತು ರೊಟ್ಟಿ ತಟ್ಟಿದ್ದೇವೆ. ಮನೆಯಲ್ಲಿ ಅವಳು ಮಾತಾಡುವುದು ಬಹಳ ಕಡಿಮೆ. ಕೇಳಿದ್ದಕ್ಕೆ "ಹೂಂ", ಬೇಡದ್ದಕ್ಕೂ "ಹೂಂ". ನನ್ನ ಮೈದುನ ಅವಳ ಧ್ವನಿಯನ್ನು ಮರೆತುಬಿಟ್ಟಿದ್ದಾನೇನೋ ಎಂದು ನನಗೆ ಅನುಮಾನ. ಆದರೆ ಆ ಒಂದು ಗೇಣು ಎತ್ತರದಲ್ಲಿ, ಚೆಂಡು ಕೈಗೆ ಬಂದು ಬಿದ್ದ ಕ್ಷಣ, ಅವಳು ನಗುತ್ತಿದ್ದಳು. ಕೊಡದಿಂದ ನೀರು ಒಮ್ಮೆಗೇ ಸುರಿದಂಥ, ತಡೆಯಿಲ್ಲದ ನಗು. ಎದುರು ತಂಡದವರನ್ನು ಹೆಸರು ಹಿಡಿದು ಛೇಡಿಸುತ್ತಿದ್ದಳು. "ಏ ಶಾಂಭವಿ, ಬುಟ್ಟಿ ತಂದಿದ್ದೀಯೇನೇ ಹಿಡಿಯೋಕೆ?" ಎಂದು ಕೂಗುತ್ತಿದ್ದಳು. ಆಟ ಮುಗಿದು ಮನೆಯ ಹೊಸ್ತಿಲು ದಾಟುವಾಗ ಮತ್ತೆ ಅದೇ "ಹೂಂ". ನಾನು ಆ ಬಗ್ಗೆ ಮನೆಯಲ್ಲಿ ಎಂದೂ ಮಾತೆತ್ತಲಿಲ್ಲ. ಅವಳೂ ಎತ್ತಲಿಲ್ಲ. ನಾನು ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ಈ ವರ್ಷ ದೀಪಾವಳಿಗೆ ಮೊದಲು, ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ನಮ್ಮ ಮನೆಯವರು ಸುದ್ದಿ ಹೇಳಿದರು. ಅವರು ಆಟದ ಸಮಿತಿಯ ಸೆಕ್ರೆಟರಿ.

"ಈ ಸಲ ಫೈನಲ್ ಒಂದೇ ಆಡಿಸೋದು ಅಂತ ತೀರ್ಮಾನ ಆಯ್ತು."

ರೊಟ್ಟಿ ಬಡಿಸುತ್ತಿದ್ದ ದಾಕ್ಷಾಯಣಿಯ ಕೈ ಅಲ್ಲೇ ನಿಂತಿತು.

"ಉಳಿದ ಆಟಗಳು?" ಎಂದೆ.

"ಉಳಿದದ್ದು ಯಾರಿಗೆ ಬೇಕು? ಫೈನಲ್‌ಗೆ ಊರೆಲ್ಲ ಬರುತ್ತೆ, ಮಿಕ್ಕ ದಿನ ಒಂದು ನಾಯಿನೂ ಬರಲ್ಲ. ಹೋದ ವರ್ಷದ ಎರಡು ತಂಡಗಳನ್ನೇ ನೇರ ಕರೆಸೋದು. ನಮ್ಮ ಬಳೆಗಾರರ ಓಣಿ, ಆ ಕೋಟೆ ಓಣಿ. ದಾಕ್ಷಾಯಣಿ, ನಿಮ್ಮ ತಂಡ ಆಡದೇನೇ ಫೈನಲ್‌ಗೆ ಬಂತು ನೋಡವ್ವ. ಸಂತೋಷ ತಾನೇ?"

"ಹೂಂ ಭಾವ," ಎಂದಳು ದಾಕ್ಷಾಯಣಿ.

"ಒಂದು ನಾಯಿನೂ ಬರಲ್ಲ ಅಂದ್ರಲ್ಲ, ನಾವು ಮೂರು ಜನ ನೋಡಲ್ವಾ?" ಎಂದು ನಾನು ಬಿಡಲಿಲ್ಲ.

ಅವರು ನಕ್ಕರು. ಕೆಟ್ಟ ನಗುವಲ್ಲ, ಸಲಿಗೆಯ ನಗು. "ನೀವು ನೋಡೋರಲ್ಲ ಕಣೇ, ಕೂತಿರೋರು. ಗೋಡೆ ಅಲ್ಲಿರುತ್ತೆ, ನೀವೂ ಅಲ್ಲಿರ್ತೀರಿ."

ಆಮೇಲೆ ಒಲೆಯ ಮುಂದೆ ದಾಕ್ಷಾಯಣಿ ತಾನಾಗಿ ಮಾತಾಡಿದಳು. ಅಡುಗೆಮನೆಯಲ್ಲಿ ಅಷ್ಟುದ್ದದ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ.

"ಅಕ್ಕಾ, ಫೈನಲ್ ದಿನ ಮೇಲೆ ಏನಿರುತ್ತೆ ಗೊತ್ತಾ? ಬರೀ ಗಾಳಿ. ಕೆಳಗೆ ಯಾರ ಮುಖಾನೂ ಕಾಣಲ್ಲ. ಒಂದು ಸಲ ಜನ ಚುರುಮುರಿ ಕಡೆ ತಿರುಗಿದ್ರೆ ನೆಲ ಜೋಲಿ ಹೊಡೆಯುತ್ತೆ. ನಾನು ಹೆದರಿಕೊಂಡೇ ಆಡ್ತೀನಿ. ಅದು ಅವರ ದಿನ ಅಕ್ಕ. ನಂಗೆ ಬೇಕಾಗಿದ್ದು ಆ ಒಂದು ಗೇಣು. ಅದನ್ನ ತೆಗೆದುಬಿಟ್ರೆ..."

ಹಿಟ್ಟಿನ ಕೈಯನ್ನು ನೋಡಿಕೊಂಡಳು. ನಾನೂ ನೋಡಿದೆ.

ಆ ಚಳಿಗಾಲ ನಮ್ಮ ಮನೆಯಲ್ಲಿ ಸಂಜೆಗಳು ಬಹಳ ಉದ್ದವಾದವು. ಹಲೀಮಾಬಿ, ಸಾವಂತ್ರಮ್ಮ, ನಾನು ರೂಢಿ ಬಿಡಲಾಗದೆ ಗೋಡೆಯ ಮೇಲೆ ಹೋಗಿ ಕೂರುತ್ತಿದ್ದೆವು. ಖಾಲಿ ಬಯಲನ್ನು ನೋಡಿದೆವು. ಅದು ಏಳಲಿಲ್ಲ. ಬಯಲಿಗೆ ನೋಟವೊಂದೇ ಸಾಲದು, ಮೇಲೆ ಯಾರಾದರೂ ಇರಬೇಕು. ಗೆರೆ ಎಳೆಯದ ಜಾಗದಲ್ಲಿ ಹುಲ್ಲು ಬೆಳೆಯಿತು. ಒಂದೆರಡು ಮೇಕೆಗಳು ಬಂದು ಮೇದವು. "ಮೇಕೆಗಳನ್ನಾದ್ರೂ ಎತ್ತೋಣ ಬನ್ರೇ," ಎಂದು ಹಲೀಮಾಬಿ ನಗಿಸಲು ನೋಡಿದರು. ನಾವು ನಿಜಕ್ಕೂ ಪ್ರಯತ್ನಿಸಿದೆವು. ಮೇಕೆಗಳು ನಾಲ್ಕು ಬೆರಳು ಎದ್ದವು, ಮೇಯುವುದನ್ನು ನಿಲ್ಲಿಸಲಿಲ್ಲ. ಸಾವಂತ್ರಮ್ಮ ಕಣ್ಣೊರೆಸಿಕೊಂಡು, "ಥೂ, ಇದೇನು ಹುಚ್ಚು," ಎಂದು ಎದ್ದು ಹೋದರು. ಮನೆಯಲ್ಲಿ ದಾಕ್ಷಾಯಣಿ ತರಕಾರಿ ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದು, ಯಾರೂ ಇಲ್ಲದಾಗ ಗೋಡೆಗೆ ಎಸೆದು ಹಿಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತರೆ ಈರುಳ್ಳಿಯನ್ನು ಹೆಚ್ಚಲು ಕೂತುಬಿಡುತ್ತಿದ್ದಳು.

ಫೈನಲ್ ಹತ್ತಿರ ಬಂದಂತೆ ಸಾವಂತ್ರಮ್ಮನಿಗೆ ಒಂದು ಚಿಂತೆ ಹತ್ತಿತು. ಬಯಲನ್ನು ಇಳಿಸುವುದು ಯಾರು? ಬಹಳ ಹಿಂದೆ ಒಂದು ಫೈನಲ್ಲಿನಲ್ಲಿ ಗೆಲುವು ತಿಳಿದ ಕೂಡಲೇ ಜನ ಒಟ್ಟಿಗೆ ಎದ್ದುಹೋಗಿ, ಬಯಲು ದಬ್ಬನೆ ಬಿದ್ದು, ಆಡುತ್ತಿದ್ದವರಲ್ಲಿ ಇಬ್ಬರ ಸೊಂಟ ಮುರಿದಿತ್ತು. ಆಮೇಲೆ ಜನ ಕೂರುವ ಜಾಗದ ಬೇಲಿ ಬಾಗಿಲಿಗೆ ಹಗ್ಗ ಕಟ್ಟುವ ಪದ್ಧತಿ ಬಂತು. ಒಂದೊಂದೇ ಓಣಿಯನ್ನು ಹೊರಗೆ ಬಿಡುತ್ತ, ಉಳಿದವರ ಕತ್ತು ಮೇಲೆಯೇ ಇರುವಂತೆ ನೋಡಿಕೊಳ್ಳುತ್ತ, ಬಯಲನ್ನು ಮಗುವನ್ನು ಮಲಗಿಸುವಂತೆ ಕೆಳಗೆ ತರುವುದು. ಹಗ್ಗ ಹಿಡಿಯುತ್ತಿದ್ದವರು ನಾವೇ. ಕೊನೆಯ ಗೇಣನ್ನು ನಾವು ಮೂವರು ಒಬ್ಬರಾದ ಮೇಲೊಬ್ಬರು ಕಣ್ಣು ತೆಗೆದು ಇಳಿಸುತ್ತಿದ್ದೆವು. ಎಲ್ಲರಿಗಿಂತ ಕೊನೆಗೆ ನಾನು.

ಈ ಸಲ ಸಮಿತಿ ದೊಡ್ಡ ಬಾಗಿಲು ಮಾಡಿಸಿತ್ತು, ಎರಡು ಕಡೆ. ಹಗ್ಗ ಕಾಣಲಿಲ್ಲ. ನಾನು ಮನೆಯವರನ್ನು ಕೇಳಿದೆ.

"ಇಳಿಸೋದು ಅಂದ್ರೇನೇ? ಆಟ ಮುಗಿದ್ರೆ ಅದೇ ಇಳಿಯುತ್ತಪ್ಪ," ಎಂದರು. ಪ್ರತಿ ವರ್ಷ ಆಟ ಮುಗಿದ ಮೇಲೆ ಊರಿಗೆಲ್ಲ ಬಡಿಸುವ ಪಾಯಸದ ಮೇಲ್ವಿಚಾರಣೆಗೆ ಎಲ್ಲರಿಗಿಂತ ಮೊದಲು ಹೊರಟುಬಿಡುತ್ತಿದ್ದವರು ಅವರು. ಬಯಲು ನೆಲ ಮುಟ್ಟುವುದನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನಾನು ವಿವರಿಸಿದೆ. "ಹಾಗೇನೂ ಆಗಲ್ಲ ಬಿಡು," ಎಂದರು.

ಫೈನಲ್ ದಿನ ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಜನ ಬಂದರು. ಇಷ್ಟು ಜನರನ್ನು ನಾನು ಯಾವ ವರ್ಷವೂ ನೋಡಿರಲಿಲ್ಲ. ಒಂದೇ ಆಟ, ತಪ್ಪಿದರೆ ಮತ್ತೊಂದಿಲ್ಲ ಎಂದು ಸಮಿತಿ ಡಂಗುರ ಹೊಡೆಸಿತ್ತು. ನಮ್ಮ ಗೋಡೆಗೆ ಒತ್ತಿ ಗಣ್ಯರಿಗೆಂದು ಕುರ್ಚಿ ಹಾಕಿದ್ದರು. ನಾವು ಮೂವರು ಬೇಲಿಯ ಮೂಲೆಯಲ್ಲಿ ನಿಂತೆವು. ದಾಕ್ಷಾಯಣಿ ಹಳದಿ ಅಂಗಿ ತೊಟ್ಟು ಬಯಲಿನ ಮೇಲೆ ನಿಂತಾಗ ಒಮ್ಮೆ ನನ್ನತ್ತ ನೋಡಿದಳು. ಅಷ್ಟರಲ್ಲಿ ಊರು ಕತ್ತೆತ್ತಿತು. ಬಯಲು ಗಾಳಿಪಟದ ಹಾಗೆ ಒಂದೇ ಸಲಕ್ಕೆ ಮೇಲಕ್ಕೆ ಹೋಯಿತು.

ಕೆಳಗೆ ತಂಪು ಮಣ್ಣಿನ ವಾಸನೆ ಹರಡಿತು. ತಳ ಸಣ್ಣದಾಗುತ್ತ ಒಂದು ಕಂಬಳಿಯಷ್ಟಾಯಿತು, ಕೊನೆಗೆ ಒಂದು ಮಣೆಯಷ್ಟು. ಅದರ ನೆರಳು ಊರಿನ ಮೇಲೆ ತೇಲಿತು. ಜನ ಕೂಗಿದರು, ಅಡ್ಡಡ್ಡ ಮಾತಾಡಿದರು, ಮತ್ತೊಬ್ಬರ ಸೀರೆಯ ಅಂಚನ್ನು ಮುಟ್ಟಿ ನೋಡಿದರು. ಅವರು ಮುಖ ತಿರುಗಿಸಿದಾಗಲೆಲ್ಲ ಮೇಲಿನ ಆ ಮಣೆ ಜೋಲಿ ಹೊಡೆಯುತ್ತಿತ್ತು. ಹೋದ ವರ್ಷಗಳಲ್ಲಿ ಸಣ್ಣ ಆಟಗಳನ್ನಾಡುತ್ತ ಮೇಲಿನ ಹೆಂಗಸರ ಕಾಲುಗಳು ಏಳುವ ನೆಲಕ್ಕೆ ಹೊಂದಿಕೊಂಡಿರುತ್ತಿದ್ದವು. ಈ ವರ್ಷ ಆ ಕಾಲುಗಳು ಅಡುಗೆಮನೆಯಿಂದ ನೇರ ಆಕಾಶಕ್ಕೆ ಹೋಗಿದ್ದವು. ನಾನು ಉಸಿರು ಬಿಗಿಹಿಡಿದು ಕಣ್ಣು ಮಿಟುಕಿಸದೆ ನೋಡಿದೆ, ನನ್ನೊಬ್ಬಳ ನೋಟ ಅಷ್ಟು ದೂರ ಏನು ಆಸರೆಯಾದೀತು ಎಂದು ಗೊತ್ತಿದ್ದೂ.

ಬಟ್ಟೆಗಳು ಇಳಿದವು. ಹಳದಿ, ನೀಲಿ, ನೀಲಿ, ಹಳದಿ. ಬಿಸಿಲು ಓರೆಯಾಗುವ ಹೊತ್ತಿಗೆ ಹಳದಿ ಬಟ್ಟೆಯೊಂದು ಇಳಿದು, ಮತ್ತೆ ಮೇಲೆ ಹೋಗದೆ ಅಲ್ಲೇ ಆಡುತ್ತ ನಿಂತಿತು.

"ಗೆದ್ವಿ!" ಎಂದು ಯಾರೋ ಕೂಗಿದರು. ಊರು ಒಟ್ಟಿಗೆ ಎದ್ದಿತು. ಚಪ್ಪಲಿ ಹುಡುಕಿದರು, ಮಕ್ಕಳ ಕೈ ಹಿಡಿದರು, ಎರಡೂ ಬಾಗಿಲಿನ ಕಡೆ ನುಗ್ಗಿದರು. ಪಾಯಸದ ಏಲಕ್ಕಿ ವಾಸನೆ ಬಂದಿತ್ತು. ಮೇಲೆ ಮಣೆಯಷ್ಟಿದ್ದ ತಳ ಕಂಬಳಿಯಷ್ಟಾಯಿತು, ಕಣ್ಣೆದುರೇ ಅಂಗಳದಷ್ಟಾಯಿತು. ನಮ್ಮ ಮುಖದ ಮೇಲೆ ಮಣ್ಣು ಉದುರಿತು. ಮೇಲಿನಿಂದ ಹೆಂಗಸರು ಚೀರಿದ್ದು ಕೇಳಿಸಿತು.

"ಕೂತ್ಕೊಳ್ಳಿ! ಮೇಲೆ ನೋಡಿ!" ಎಂದು ಕಿರುಚಿದೆ. ಯಾರೂ ತಿರುಗಲಿಲ್ಲ. ಗೆದ್ದಾದ ಮೇಲೆ ನೋಡುವುದಕ್ಕೆ ಏನಿದೆ? ಆಗ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ. "ಆಟ ಮುಗಿದಿಲ್ಲ! ಇನ್ನೂ ಒಂದು ಸುತ್ತಿದೆ!"

ಹತ್ತಿರವಿದ್ದವರು ನಿಂತರು.

"ಇನ್ನೊಂದು ಸುತ್ತಾ?"

"ಹೌದ್ರೀ, ಕೊನೇ ಸುತ್ತು! ಗೊತ್ತಿಲ್ವಾ ನಿಮಗೆ?" ಎಂದು ಹಲೀಮಾಬಿ ತಟ್ಟನೆ ದನಿಗೂಡಿಸಿದರು.

ಗೊತ್ತಿಲ್ಲ ಎಂದು ಹೇಳುವ ಒಬ್ಬರೂ ಆ ಗುಂಪಿನಲ್ಲಿರಲಿಲ್ಲ. ಹೊಸ ಜುಬ್ಬ ತೊಟ್ಟ ಒಬ್ಬರು ಹೆಂಡತಿಗೆ, "ಕೊನೇ ಸುತ್ತು ಇದ್ದೇ ಇರುತ್ತೆ. ನಾನು ಆಗ್ಲೇ ಹೇಳ್ಲಿಲ್ವಾ?" ಎಂದರು. "ಅದೇ ಅಸಲಿ ಆಟ ಕಣ್ರೀ," ಎಂದರು ಇನ್ನೊಬ್ಬರು. ಮಾತು ಬಾಗಿಲವರೆಗೂ ಹರಿಯಿತು. ಹೋಗುತ್ತಿದ್ದವರು ಒಬ್ಬರನ್ನೊಬ್ಬರು ತಳ್ಳುತ್ತ ವಾಪಸ್ಸು ಬಂದು ಸಿಕ್ಕಿದಲ್ಲಿ ಕೂತು ಕತ್ತೆತ್ತಿದರು. ಬೇಲಿ ಪಕ್ಕದ ಹುಣಸೆಮರದ ತುದಿಗೆ ತಾಗುವಷ್ಟರಲ್ಲಿ ಬಯಲು ಗಕ್ಕನೆ ನಿಂತಿತು. ಒಂದಿಷ್ಟು ಎಲೆ ಉದುರಿತು.

ನಾನು ಕಣ್ಣು ಕದಲಿಸಲಿಲ್ಲ. ಕಣ್ಣು ಮೇಲಿಟ್ಟುಕೊಂಡೇ ಕೂಗಿದೆ. "ಈ ಸುತ್ತನ್ನ ಕೆರೆ ಓಣಿಯವರು ನೋಡೋ ಹಾಗಿಲ್ಲ. ಅವರು ಮಾತ್ರ ಎದ್ದು ಹೋಗ್ಬೇಕು. ನಿಧಾನ!"

"ಅದ್ಯಾಕಮ್ಮ ನಾವು ಮಾತ್ರ?"

"ನಿಮ್ಮ ಓಣಿಯೋರ ದೃಷ್ಟಿ ಜಾಸ್ತಿ ತಾಗುತ್ತೆ, ಅದಕ್ಕೆ," ಎಂದು ಸಾವಂತ್ರಮ್ಮ ಇಂಜೆಕ್ಷನ್ ಕೊಡುವಾಗಿನ ದನಿಯಲ್ಲಿ ಹೇಳಿದರು. "ಏಳಿ, ಏಳಿ. ವಾದ ಮಾಡ್ಬೇಡಿ." ಉಳಿದ ಓಣಿಗಳವರು ಮೇಲೆ ನೋಡುತ್ತಲೇ ಗೊಳ್ಳೆಂದು ನಕ್ಕರು. ಕೆರೆ ಓಣಿಯವರು ಗೊಣಗುತ್ತ ಹೊರಟರು. ಬಯಲು ಮರದ ನಡುವಿಗೆ ಇಳಿಯಿತು.

ಅಷ್ಟರಲ್ಲಿ ನಮ್ಮ ಮನೆಯವರು ಪಾಯಸದ ಕಡೆಯಿಂದ ಓಡಿ ಬಂದರು. ಏದುಸಿರು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು.

"ಏನೇ ಇದು? ಯಾವ ಸುತ್ತು? ಸಮಿತಿಗೇ ಗೊತ್ತಿಲ್ಲದ ಸುತ್ತು?"

"ಸೆಕ್ರೆಟರಿಯವರಿಗೆ ಕೊನೇ ಸುತ್ತು ಗೊತ್ತಿಲ್ವಂತೆ!" ಎಂದೆ, ನಾಲ್ಕು ಸಾಲು ದೂರ ಕೇಳಿಸುವಂತೆ.

"ಗೊತ್ತು, ಗೊತ್ತು," ಎಂದರು ಅವಸರದಲ್ಲಿ. "ಯಾರು ಗೊತ್ತಿಲ್ಲ ಅಂದಿದ್ದು? ಎಲ್ಲರೂ ಮೇಲೆ ನೋಡ್ರಪ್ಪ!" ಎಂದು ಜನರ ಕಡೆ ಕೈಬೀಸಿ, ಮುಜುಗರದಿಂದ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಎದ್ದು ಹೋಗುವ ಹಾಗಿರಲಿಲ್ಲ. ಸೆಕ್ರೆಟರಿ ಅಲ್ಲವೇ.

ಪೇಟೆ ಓಣಿಯನ್ನು ಬಿಟ್ಟೆವು. ಕೋಟೆ ಓಣಿಯನ್ನು ಎರಡು ಪಾಲು ಮಾಡಿ ಬಿಟ್ಟೆವು. ಬಯಲು ಮಾಳಿಗೆಯ ಮಟ್ಟಕ್ಕೆ, ಕಿಟಕಿಯ ಮಟ್ಟಕ್ಕೆ ಬಂತು. ಕೊನೆಗೆ ಬಳೆಗಾರರ ಓಣಿ, ಮನೆ ಮನೆಯಾಗಿ. ಬೆಳಕು ಹಳದಿಯಾಗಿ, ಆಮೇಲೆ ತೆಳುವಾದ ನೇರಳೆಯಾಯಿತು. ಸಾವಂತ್ರಮ್ಮ ತಮ್ಮ ಕಣ್ಣು ತೆಗೆದರು, ಹಲೀಮಾಬಿ ತೆಗೆದರು. "ಮಿಕ್ಕಿದ್ದು ನಿಂದು ಕಣಮ್ಮ," ಎಂದು ನನ್ನ ಭುಜ ತಟ್ಟಿ ಇಬ್ಬರೂ ಪಾಯಸದ ದೀಪಗಳ ಕಡೆ ನಡೆದರು. ಬಯಲು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ ತೂಗುತ್ತಿತ್ತು.

ಹದಿನಾಲ್ಕು ಹೆಂಗಸರೂ ಹುಲ್ಲಿನ ಮೇಲೆ ಕುಸಿದು ಕೂತಿದ್ದರು. ಹಳದಿ ಯಾರು, ನೀಲಿ ಯಾರು ಎಂದು ನೋಡದೆ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಲಿಲ್ಲಿ ಟೀಚರ್ ಕನ್ನಡಕ ಒರೆಸುತ್ತಿದ್ದರು. ನಾನು ಕಣ್ಣು ತೆಗೆಯಬೇಕು, ಅವರು ಇಳಿಯಬೇಕು, ವರ್ಷ ಮುಗಿಯಬೇಕು. ಮುಂದಿನ ಸಲವೂ ಇದೊಂದೇ ದಿನ.

ದಾಕ್ಷಾಯಣಿ ತೆವಳಿಕೊಂಡು ಅಂಚಿಗೆ ಬಂದಳು. ಕೂದಲು ಬಿಚ್ಚಿಹೋಗಿತ್ತು.

"ಅಕ್ಕಾ, ಇಳಿಸಬೇಡ."

"ಸಾಕಾಗಿಲ್ವೇನೇ?"

"ಇನ್ನೊಂದು ಸುತ್ತಿದೆ ಅಂತ ನೀನೇ ಕೂಗಿದ್ಯಲ್ಲ. ಕೇಳಿಸ್ತು. ಆಡ್ತೀವಿ." ಹಿಂದೆ ತಿರುಗಿ, "ಏ ಶಾಂಭವಿ, ಏಳೇ. ನಡುಗಿದ್ದು ಸಾಕು. ಚೆಂಡು ಎಲ್ಲಿ?" ಎಂದಳು.

ಒಬ್ಬೊಬ್ಬರೇ ಎದ್ದರು. ತಂಡ ಕಟ್ಟಲಿಲ್ಲ, ನೆಟ್ಟಿನ ಯಾವ ಬದಿಗೆ ಯಾರು ಹತ್ತಿರವಿದ್ದರೋ ಅವರು ಅಲ್ಲಿ ನಿಂತರು. ಲಿಲ್ಲಿ ಟೀಚರ್ ಕೂಡ ಸೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಮೂಲೆಯಲ್ಲಿ ನಿಂತರು. ಚೆಂಡು ಆ ಕಡೆ ಹೋಯಿತು, ಈ ಕಡೆ ಬಂತು. ಮೊದಲು ಮೆಲ್ಲಗೆ, ಹೆದರಿದ ಕೈಗಳಿಂದ. ಆಮೇಲೆ ಜೋರಾಗಿ. ಶಾಂಭವಿ ಎಸೆದ ಚೆಂಡನ್ನು ಎಗರಿ ಹಿಡಿದ ದಾಕ್ಷಾಯಣಿ ನಕ್ಕಳು.

ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ಬೆನ್ನು ನೆಟ್ಟಗೆ ಮಾಡಿದರು. ಬಯಲು ಒಂದೆರಡು ಬೆರಳು ಎದ್ದಿತು.

"ಯಾರೇ ಅದು ನಕ್ಕಿದ್ದು?"

"ದಾಕ್ಷಾಯಣಿ."

"ನಮ್ಮ ದಾಕ್ಷಾಯಣಿನಾ?"

ಅವಳು ಮತ್ತೆ ನಕ್ಕಳು, ಯಾರನ್ನೋ ಛೇಡಿಸಿದಳು, ಎದುರಿನವರೆಲ್ಲ ಒಟ್ಟಿಗೆ ಬಾಯಿಮಾಡಿದರು. ಮನೆಯವರು ತಗ್ಗಿದ ದನಿಯಲ್ಲಿ ಕೇಳಿದರು, "ಯಾರು ಗೆಲ್ತಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಪಾಯಿಂಟು?"

"ಎಣಿಸ್ತಾ ಇಲ್ಲ."

ಇನ್ನು ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. "ಇಷ್ಟು ಹತ್ತಿರದಿಂದ ನಾನು ನೋಡೇ ಇರ್ಲಿಲ್ಲ," ಎಂದರು, ನನಗೋ ತಮಗೋ ಹೇಳಿಕೊಂಡಂತೆ. ಇಷ್ಟು ವರ್ಷ ಅವರು ಬೇರು, ಮಣ್ಣು ನೋಡಿ ಕತ್ತು ನೋಯಿಸಿಕೊಂಡವರು.

ಹಿಂದಿನಿಂದ ಸಮಿತಿಯ ಒಬ್ಬರು ಕೂಗಿದರು. "ಸೆಕ್ರೆಟರಿಗಳೇ, ಪಾಯಸ ಆರಿ ಹೋಗ್ತಿದೆ. ಬಡಿಸೋಕೆ ಶುರು ಮಾಡೋದಾ? ನೀವೇ ಬರ್ಬೇಕಂತೆ."

ಅವರು ತಲೆ ತಿರುಗಿಸಲಿಲ್ಲ. ಕೈ ಮಾತ್ರ ಹಿಂದಕ್ಕೆ ಬೀಸಿದರು.

"ಸುಮ್ನಿರೋ ಮಾರಾಯ. ಆಟ ನಡೀತಾ ಇದೆ."

ನನ್ನ ಕಣ್ಣು ಉರಿಯುತ್ತಿತ್ತು. ಮಧ್ಯಾಹ್ನದಿಂದ ಸರಿಯಾಗಿ ಮಿಟುಕಿಸಿರಲಿಲ್ಲ. ಬಯಲಿನ ಮೇಲೆ ಯಾರಾದರೂ ಇರುವಾಗ ನಾನು ಕೊನೆಯವಳಾಗಿ ಅಲ್ಲದೆ ಎಂದೂ ನೋಟ ತೆಗೆದವಳಲ್ಲ. ಒಮ್ಮೆ ಅವರ ಮುಖದ ಕಡೆ ನೋಡಿದೆ. ಅವರಿಗೆ ಅದು ಗೊತ್ತಾಗಲಿಲ್ಲ. ನಾನು ಎರಡೂ ಕಣ್ಣು ಮುಚ್ಚಿದೆ.

ನೆಲ ನೆಲಕ್ಕೆ ತಾಗುವ ಸದ್ದಿಗೆ ಕಾದೆ. ಚೆಂಡು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹೋಗಿ ಬೀಳುವ ಸದ್ದು ಮಾತ್ರ ಕೇಳಿಸುತ್ತಿತ್ತು, ಇನ್ನೂ ನೆಲ ಮುಟ್ಟದ ಬಯಲಿನ ಮೇಲಿಂದ, ಮತ್ತೆ ಮತ್ತೆ.